ಟೊಲೆಡೊ: ದೊರೆಗಳು ಬದಲಾದ ಊರಿನಲ್ಲಿ ಬದಲಾಗದೆ ಉಳಿದ ಗಾರೆ ಕೆಲಸ

ಸ್ಪೇನ್ ದೇಶದ ಟೊಲೆಡೊ ಪಟ್ಟಣದ ಹಳೆಯ ಯಹೂದಿ ಕೇರಿಯಲ್ಲಿ ಸಾಂತಾ ಮರಿಯಾ ಲಾ ಬ್ಲಾಂಕಾ, ಅಂದರೆ ‘ಬಿಳಿಯ ಸಂತ ಮರಿಯಾ’ ಎಂಬ ಹೆಸರಿನ ಕಟ್ಟಡವೊಂದಿದೆ. ಹೊರಗಿನಿಂದ ನೋಡಿದರೆ ಸಾಧಾರಣವಾದ ಗೋಡೆ. ಒಳಗೆ ಕಾಲಿಟ್ಟರೆ ಸುಣ್ಣ ಬಳಿದ ಎಂಟು ಮುಖದ ಕಂಬಗಳು, ಅವುಗಳ ತಲೆಯ ಮೇಲೆ ಗಾರೆಯಲ್ಲಿ ಪೈನ್ ಕಾಯಿಗಳನ್ನು ಮೂಡಿಸಿದ ಬೋದಿಗೆಗಳು, ಬೋದಿಗೆಯಿಂದ ಬೋದಿಗೆಗೆ ಬಾಗಿದ ಕುದುರೆ ಲಾಳದ ಆಕಾರದ ಕಮಾನುಗಳು, ಸಾಲಿಗೆ ಏಳರಂತೆ ನಾಲ್ಕು ಸಾಲು. ನೋಡಿದವರು ಇದನ್ನು ಮಸೀದಿಯ ಪ್ರಾರ್ಥನಾ ಮಂದಿರವೆಂದೇ ತಿಳಿಯುತ್ತಾರೆ. ಆದರೆ ಈ ಕಟ್ಟಡ ಎಂದೂ ಮಸೀದಿಯಾಗಿರಲಿಲ್ಲ. ಇದನ್ನು ಕಟ್ಟಿಸಿದವರು ಯಹೂದಿಗಳು, ತಮ್ಮ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಆಗಿ. ಆ ಕಾಲಕ್ಕೆ ಊರನ್ನು ಆಳುತ್ತಿದ್ದವರು ಕ್ರೈಸ್ತ ದೊರೆಗಳು. 15ನೇ ಶತಮಾನದ ಆರಂಭದಲ್ಲಿ ಯಹೂದಿಗಳಿಂದ ಕಿತ್ತುಕೊಂಡು ಇದನ್ನು ಚರ್ಚ್ ಮಾಡಲಾಯಿತು, ಮರಿಯಾಳ ಹೆಸರು ಬಂದದ್ದು ಆಮೇಲೆ.

ಟೊಲೆಡೊ ಕುರಿತ ಬರಹಗಳು ಸಾಮಾನ್ಯವಾಗಿ ಅಲ್ಲಿನ ಕಟ್ಟಡಗಳನ್ನು ರೋಮನ್, ಇಸ್ಲಾಮಿ, ಯಹೂದಿ, ಕ್ರೈಸ್ತ ಎಂದು ಗುಂಪು ಮಾಡಿ ವಿವರಿಸುತ್ತವೆ. ಈ ವಿಂಗಡಣೆಯಿಂದ ಕಟ್ಟಿಸಿದವರು ಯಾರೆಂಬುದು ತಿಳಿಯುತ್ತದೆಯೇ ಹೊರತು, ಕಟ್ಟಿದವರು ಯಾರು, ಅವರ ಕೈಗೆ ಆ ವಿದ್ಯೆ ಬಂದದ್ದು ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ಮೇಲಿನ ಸಿನಗಾಗ್‌ನಂತಹ ಕಟ್ಟಡ ಎದುರಾದ ಕೂಡಲೇ ಆ ವಿಂಗಡಣೆ ಕುಸಿಯುತ್ತದೆ. ಊರನ್ನು ದೊರೆಗಳ ಪಟ್ಟಿಯ ಮೂಲಕ ನೋಡುವ ಬದಲು ಇಟ್ಟಿಗೆ, ಗಾರೆ, ಮರದ ಕೆಲಸದ ಮೂಲಕ ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ ಎಂಬುದು ನನ್ನ ನಂಬಿಕೆ. ಈ ಲೇಖನ ಆ ದಾರಿಯನ್ನು ಹಿಡಿದಿದೆ.

ಟೊಲೆಡೊ ಇರುವುದು ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಗಟ್ಟಿ ಬಂಡೆಯ ಗುಡ್ಡವೊಂದರ ಮೇಲೆ. ತಾಹೊ ನದಿ ಆಳವಾದ ಕಮರಿ ಕೊರೆದುಕೊಂಡು ಈ ಗುಡ್ಡವನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಹೀಗಾಗಿ ಕೋಟೆಗೋಡೆಯ ಭಾರವೆಲ್ಲ ಉತ್ತರ ದಿಕ್ಕಿನ ಮೇಲೆ ಬಿದ್ದಿದೆ. ಇದು ಸಣ್ಣ ಊರಾದರೂ ನೆಲೆಯಿಂದಲೇ ಭದ್ರವಾದುದು ಎಂದು ರೋಮನ್ ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಕ್ರಿಸ್ತಪೂರ್ವ 2ನೇ ಶತಮಾನದ ಆರಂಭದಲ್ಲಿ ಊರು ರೋಮನ್ನರ ವಶವಾಯಿತು. ಅವರು ಬಿಟ್ಟುಹೋದ ರಥಸ್ಪರ್ಧೆಯ ಅಂಗಣದ ಅವಶೇಷಗಳು ಗೋಡೆಯ ಹೊರಗೆ, ಉತ್ತರದ ಬಯಲಿನಲ್ಲಿವೆ. ರೋಮನ್ ಪಟ್ಟಣ ಹೆಚ್ಚಾಗಿ ನೆಲದಡಿ ಸೇರಿಹೋಗಿದೆ.

6ನೇ ಶತಮಾನದಲ್ಲಿ ವಿಸಿಗೋಥ್ ಎಂಬ ಜರ್ಮಾನಿಕ್ ಬುಡಕಟ್ಟಿನ ಅರಸರು ಟೊಲೆಡೊವನ್ನು ರಾಜಧಾನಿ ಮಾಡಿಕೊಂಡರು. 589ರಲ್ಲಿ ಇಲ್ಲಿ ನಡೆದ ಧರ್ಮಸಭೆಯಲ್ಲಿ ಅರಸ ರೆಕರೆಡ್, ಕ್ರಿಸ್ತ ದೇವರಿಗೆ ಸಮನಲ್ಲವೆನ್ನುವ ಏರಿಯನ್ ಪಂಥವನ್ನು ತೊರೆದು ಕ್ಯಾಥೊಲಿಕ್ ಮತವನ್ನು ಅಧಿಕೃತವಾಗಿ ಒಪ್ಪಿಕೊಂಡ. ವಿಸಿಗೋಥರ ವೈಭವದ ಸುಳಿವು ಸಿಕ್ಕಿದ್ದು 1858ರಲ್ಲಿ: ಟೊಲೆಡೊ ಸಮೀಪದ ಗ್ವಾರಸಾರ್ ಎಂಬಲ್ಲಿ ಹೂತಿಟ್ಟಿದ್ದ ಚಿನ್ನದ ಹರಕೆಯ ಕಿರೀಟಗಳು ಮಣ್ಣಿನಿಂದ ಮೇಲೆದ್ದವು. ಅವರ ಕಟ್ಟಡಗಳಲ್ಲಿ ಊರಿನೊಳಗೆ ಪೂರ್ತಿಯಾಗಿ ಉಳಿದದ್ದು ಒಂದೂ ಇಲ್ಲ. ಆದರೆ ಅವುಗಳ ಕೆತ್ತನೆಯ ಕಲ್ಲುಗಳು ಆಮೇಲಿನವರ ಗೋಡೆಗಳಲ್ಲಿ, ಗೋಪುರಗಳಲ್ಲಿ, ಕಂಬಗಳ ತಲೆಯ ಮೇಲೆ ಸೇರಿಕೊಂಡಿವೆ.

ಲಾಳದ ಕಮಾನಿನ ಕುರಿತು ಇರುವ ಒಂದು ತಪ್ಪು ಗ್ರಹಿಕೆಯನ್ನು ಇಲ್ಲೇ ಸರಿಪಡಿಸಬೇಕು. ಈ ಕಮಾನನ್ನು ಕಂಡೊಡನೆ ಅದು ಅರಬ್ಬರು ತಂದದ್ದು ಎನ್ನುವ ವಾಡಿಕೆಯಿದೆ. ವಾಸ್ತವದಲ್ಲಿ 711ರಲ್ಲಿ ಮುಸ್ಲಿಂ ದಂಡನಾಯಕ ತಾರಿಕ್ ಇಬ್ನ್ ಜಿಯಾದ್‌ನ ಪಡೆ ಜಿಬ್ರಾಲ್ಟರ್ ದಾಟಿ ಬರುವ ಮೊದಲೇ ವಿಸಿಗೋಥರು ತಮ್ಮ ಚರ್ಚುಗಳಲ್ಲಿ ಅದನ್ನು ಬಳಸುತ್ತಿದ್ದರು. ಅರ್ಧವೃತ್ತದ ಕಮಾನು ವೃತ್ತದ ಕೇಂದ್ರದ ಮಟ್ಟದಲ್ಲಿ ನಿಂತರೆ, ಲಾಳದ ಕಮಾನು ಆ ಮಟ್ಟದಿಂದಲೂ ಕೆಳಕ್ಕಿಳಿದು ಒಳಮುಖವಾಗಿ ಬಾಗುತ್ತದೆ. ವಿಸಿಗೋಥರ ಕಮಾನಿನಲ್ಲಿ ಈ ಬಾಗು ಕಡಿಮೆ. ಮುಸ್ಲಿಂ ಸ್ಪೇನಿನ ರಾಜಧಾನಿ ಕಾರ್ಡೊಬಾದ ಶಿಲ್ಪಿಗಳು ಅದನ್ನು ಇನ್ನಷ್ಟು ಕೆಳಗಿಳಿಸಿ, ಕಮಾನಿನ ಸುತ್ತ ಆಯತಾಕಾರದ ಚೌಕಟ್ಟು ಕೊಟ್ಟು, ಅದನ್ನು ತಮ್ಮದನ್ನಾಗಿ ಮಾಡಿಕೊಂಡರು.

ತುಲೈತುಲಾ ಎಂಬುದು ಅರಬ್ಬಿಯಲ್ಲಿ ಈ ಊರಿನ ಹೆಸರು. ಮುಸ್ಲಿಂ ಆಳ್ವಿಕೆಯ ಕಾಲದಿಂದ ಉಳಿದ ಕಟ್ಟಡಗಳಲ್ಲಿ ಮುಖ್ಯವಾದದ್ದು ಬಾಬ್ ಅಲ್-ಮರ್ದೂಮ್ ಮಸೀದಿ. ಇಂದಿನ ಹೆಸರು ಕ್ರಿಸ್ತೊ ದೆ ಲಾ ಲೂಸ್. ಪ್ರತಿ ಬದಿಗೆ ಸುಮಾರು 8 ಮೀಟರ್ ಇರುವ ಪುಟ್ಟ ಚೌಕ ಕಟ್ಟಡವಿದು. ಇದರ ಮುಂಗೋಡೆಯ ಮೇಲ್ಭಾಗದಲ್ಲಿ ಇಟ್ಟಿಗೆಯನ್ನೇ ಅಕ್ಷರದ ಆಕಾರಕ್ಕೆ ಜೋಡಿಸಿ ಬರೆದ ಅರಬ್ಬಿ ಶಾಸನವಿದೆ. ಅಹ್ಮದ್ ಇಬ್ನ್ ಹದೀದಿ ಎಂಬಾತ ಇದನ್ನು ಕಟ್ಟಿಸಿದನೆಂದೂ, ಮೂಸಾ ಇಬ್ನ್ ಅಲಿ ಇದರ ಶಿಲ್ಪಿಯೆಂದೂ, ಹಿಜರಿ 390ರ ಮೊಹರಂ ತಿಂಗಳಲ್ಲಿ, ಅಂದರೆ 999ರ ಕೊನೆ ಅಥವಾ 1000ದ ಆರಂಭದಲ್ಲಿ, ಕೆಲಸ ಮುಗಿಯಿತೆಂದೂ ಅದು ತಿಳಿಸುತ್ತದೆ. ಕಟ್ಟಿಸಿದವನ ಜೊತೆಗೆ ಕಟ್ಟಿದವನ ಹೆಸರೂ ಗೋಡೆಯ ಮೇಲೆ ಉಳಿದಿರುವುದು ಆ ಕಾಲಕ್ಕೆ ಅಪರೂಪ.

ಒಳಗೆ ನಾಲ್ಕು ಕಂಬಗಳಿವೆ. ಅವು ನೆಲವನ್ನು ಒಂಬತ್ತು ಅಂಕಣಗಳಾಗಿ ಭಾಗಿಸುತ್ತವೆ. ದೇವಾಲಯದ ನವರಂಗವನ್ನು ಕಂಡವರಿಗೆ ಈ ವಿನ್ಯಾಸವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ, ಎರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲದಿದ್ದರೂ. ಒಂಬತ್ತು ಅಂಕಣಗಳ ಮೇಲೂ ಒಂದೊಂದು ಸಣ್ಣ ಗುಮ್ಮಟವಿದ್ದು, ಅದರ ಒಳಮೈಯಲ್ಲಿ ಪಕ್ಕೆಲುಬುಗಳಂತೆ ಹಾಯುವ ಕಮಾನು ಪಟ್ಟಿಗಳು ಒಂದನ್ನೊಂದು ಕತ್ತರಿಸುತ್ತವೆ. ಒಂದು ಗುಮ್ಮಟದ ಹೆಣಿಗೆ ಇನ್ನೊಂದರಲ್ಲಿಲ್ಲ. ಕಾರ್ಡೊಬಾದ ಮಹಾಮಸೀದಿಯಲ್ಲಿ ಕೆಲವು ದಶಕಗಳ ಹಿಂದೆ ಕಲ್ಲಿನಲ್ಲಿ ಭವ್ಯವಾಗಿ ಮಾಡಿದ್ದನ್ನು ಟೊಲೆಡೊದ ಶಿಲ್ಪಿ ಚಿಕ್ಕ ಅಳತೆಯಲ್ಲಿ, ಅಗ್ಗದ ಇಟ್ಟಿಗೆಯಲ್ಲಿ ಒಂಬತ್ತು ಬಗೆಯಾಗಿ ಮಾಡಿ ತೋರಿಸಿದ್ದಾನೆ. ಕಂಬಗಳ ಬೋದಿಗೆಗಳು ಮಾತ್ರ ಅವನು ಮಾಡಿಸಿದವಲ್ಲ; ಹಳೆಯ ವಿಸಿಗೋಥ್ ಕಟ್ಟಡಗಳಿಂದ ತಂದು ಕೂರಿಸಿದಂಥವು.

1085ರ ಮೇ 25ರಂದು ಉತ್ತರದ ಕ್ರೈಸ್ತ ರಾಜ್ಯ ಕ್ಯಾಸ್ಟೀಲ್‌ನ ದೊರೆ ಆರನೆಯ ಆಲ್ಫೊನ್ಸೊ ಟೊಲೆಡೊ ಪ್ರವೇಶಿಸಿದ. ಊರಿನ ರೂಪದ ಮಟ್ಟಿಗೆ ಈ ದಿನಕ್ಕೆ ಬಹಳ ಮಹತ್ವವಿದೆ, ಏಕೆಂದರೆ ಊರು ಲೂಟಿಯಾಗಿ ಬೀಳಲಿಲ್ಲ, ಕರಾರಿನ ಮೇಲೆ ಶರಣಾಯಿತು. ಆಲ್ಫೊನ್ಸೊಗೆ ಊರು ಹೊಸದೂ ಅಲ್ಲ: 1072ರಲ್ಲಿ ತನ್ನ ಅಣ್ಣನಿಂದ ರಾಜ್ಯ ಕಳೆದುಕೊಂಡಾಗ ಅವನಿಗೆ ಆಶ್ರಯ ಕೊಟ್ಟಿದ್ದವನು ಟೊಲೆಡೊದ ಮುಸ್ಲಿಂ ದೊರೆ ಅಲ್-ಮಾಮೂನ್. ಶರಣಾದವರ ಮನೆ, ಆಸ್ತಿ, ಮಸೀದಿಗಳಿಗೆ ರಕ್ಷಣೆಯ ಮಾತು ಸಿಕ್ಕಿತು. ಮಹಾಮಸೀದಿಯ ಮಟ್ಟಿಗೆ ಆ ಮಾತು ಬಹಳ ಬೇಗ ಮುರಿಯಿತು. ಅದನ್ನು ಕಥೀಡ್ರಲ್, ಅಂದರೆ ಆರ್ಚ್‌ಬಿಷಪ್‌ನ ಮುಖ್ಯ ಚರ್ಚ್, ಮಾಡಿಕೊಂಡರು. ದೊರೆ ಊರಲ್ಲಿಲ್ಲದಾಗ ರಾಣಿ ಮತ್ತು ಆರ್ಚ್‌ಬಿಷಪ್ ಸೇರಿ ಹೀಗೆ ಮಾಡಿದರು, ಸಿಟ್ಟಿಗೆದ್ದ ದೊರೆಯಿಂದ ಅವರನ್ನು ಕಾಪಾಡಿದ್ದು ಮುಸ್ಲಿಂ ಧರ್ಮಪಂಡಿತನೊಬ್ಬನ ಬೇಡಿಕೆ ಎಂದು ಐತಿಹ್ಯ ಹೇಳುತ್ತದೆ. ಆ ಪಂಡಿತನ ಪ್ರತಿಮೆ ಇಂದಿಗೂ ಕಥೀಡ್ರಲ್‌ನ ಮುಖ್ಯ ಪೂಜಾಸ್ಥಳದಲ್ಲಿದೆ. ಕಸಿದುಕೊಂಡವರು ಕ್ಷಮಿಸಿದವನಿಗೆ ಮೂರ್ತಿ ಮಾಡಿಸಿಟ್ಟ ಈ ಕಥೆ, ಗೆದ್ದವರು ತಮ್ಮ ಮನಸ್ಸಾಕ್ಷಿಗೆ ಹೇಳಿಕೊಂಡ ಸಮಾಧಾನದಂತೆ ನನಗೆ ಕಾಣುತ್ತದೆ.

ಊರು ಕೆಡದೆ ಕೈಬದಲಾದುದರಿಂದ ಮೂರು ಸಂಗತಿಗಳು ಉಳಿದುಕೊಂಡವು. ಬೀದಿಗಳ ಜಾಲ ಹಾಗೆಯೇ ಉಳಿಯಿತು: ಇಬ್ಬರು ಎದುರುಬದುರಾದರೆ ಭುಜ ತಾಕುವಷ್ಟು ಕಿರಿದಾದ ಓಣಿಗಳು, ನಾಲ್ಕು ಮನೆಗಳಿಗೆ ದಾರಿ ಕೊಟ್ಟು ಮುಗಿದುಹೋಗುವ ಸಂದಿಗಳು, ಬೀದಿಗೆ ಬೆನ್ನು ಮಾಡಿ ಒಳ ಅಂಗಳಕ್ಕೆ ಮುಖ ಮಾಡಿದ ಮನೆಗಳು. ಎರಡನೆಯದಾಗಿ, ಅರಬ್ಬಿ ಭಾಷೆ ಉಳಿಯಿತು. ಮುಸ್ಲಿಂ ಆಳ್ವಿಕೆಯಲ್ಲಿ ತಲೆಮಾರುಗಳ ಕಾಲ ಬಾಳಿದ್ದ ಸ್ಥಳೀಯ ಕ್ರೈಸ್ತರಿಗೆ ಮೊಸರಬ್ ಎಂದು ಹೆಸರು. ಅವರು ಕ್ರೈಸ್ತ ದೊರೆಗಳ ಆಡಳಿತ ಬಂದ ಮೇಲೂ ಎರಡು ಶತಮಾನ ಕಾಲ ತಮ್ಮ ಹೊಲಮನೆಗಳ ಕ್ರಯಪತ್ರಗಳನ್ನು ಅರಬ್ಬಿಯಲ್ಲಿ ಬರೆಸುತ್ತಿದ್ದರು. ಅಂತಹ ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದುಬಂದಿವೆ. ಮೂರನೆಯದು, ಗಾರೆ ಮತ್ತು ಮರಗೆಲಸದವರು. ಹೊಸ ದೊರೆಗೆ ಚರ್ಚು ಬೇಕಾದಾಗ ಅದನ್ನು ಕಟ್ಟಿದವರು ಮಸೀದಿ ಕಟ್ಟಿ ಅನುಭವವಿದ್ದ ಕೈಗಳೇ.

ಬಾಬ್ ಅಲ್-ಮರ್ದೂಮ್‌ನಲ್ಲಿಯೇ ಇದರ ನೇರ ಸಾಕ್ಷ್ಯವಿದೆ. 12ನೇ ಶತಮಾನದ ಕೊನೆಗೆ ಆ ಮಸೀದಿ ಕ್ರೈಸ್ತ ಯೋಧಪಂಥವೊಂದರ ಕೈಗೆ ಬಂದಾಗ, ಪೂಜಾಪೀಠಕ್ಕೆಂದು ಅದರ ಒಂದು ಬದಿಗೆ ಅರ್ಧವೃತ್ತಾಕಾರದ ಭಾಗವನ್ನು ಸೇರಿಸಿದರು. ಚರ್ಚಿನ ಈ ಭಾಗದ ಹೊರಮೈಯಲ್ಲೂ ಮಸೀದಿಯಂತೆ ಇಟ್ಟಿಗೆಯ ಕುರುಡು ಕಮಾನುಗಳು, ಅಂದರೆ ತೆರಪಿಲ್ಲದೆ ಗೋಡೆಗೆ ಅಂಟಿದ ಕಮಾನುಗಳು, ಸಾಲುಗಟ್ಟಿವೆ. ಇನ್ನೂರು ವರ್ಷಗಳ ಅಂತರವಿರುವ, ಎರಡು ಧರ್ಮಗಳಿಗೆ ಸೇರಿದ ಕೆಲಸಗಳು ಒಂದೇ ಕಟ್ಟಡವೆಂಬಂತೆ ಕಾಣುತ್ತವೆ.

ಈ ಶೈಲಿಗೆ ಮುದೇಹಾರ್ ಎಂದು ಹೆಸರು. ಕ್ರೈಸ್ತ ಆಳ್ವಿಕೆಯಲ್ಲಿ ತಮ್ಮ ಧರ್ಮದಲ್ಲೇ ಉಳಿದ ಮುಸ್ಲಿಮರನ್ನು ಸೂಚಿಸುವ, ‘ಪಳಗಿದವರು’ ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು ಇದು. ಕಟ್ಟಡಗಳಿಗೆ ಈ ಹೆಸರನ್ನು ಅಂಟಿಸಿದ್ದು ಮಾತ್ರ 1859ರಲ್ಲಿ, ವಿದ್ವಾಂಸ ಹೊಸೆ ಅಮಾದೊರ್ ದೆ ಲೊಸ್ ರೀಯೊಸ್. ಉಪಯುಕ್ತವಾದ ಪದವಾದರೂ ಇದು ದಾರಿ ತಪ್ಪಿಸಬಲ್ಲದು, ಏಕೆಂದರೆ ಈ ಬಗೆಯ ಕೆಲಸ ಮಾಡಿದವರೆಲ್ಲ ಮುಸ್ಲಿಮರೇ ಆಗಿದ್ದರೆಂದು ಅದು ಸೂಚಿಸುತ್ತದೆ. 13ನೇ ಶತಮಾನದ ಟೊಲೆಡೊ ನಿವಾಸಿಗೆ ಅದು ಯಾವ ಧರ್ಮದ ಶೈಲಿಯೂ ಆಗಿರಲಿಲ್ಲ; ತನ್ನ ಊರಿನಲ್ಲಿ ಗೋಡೆ ಕಟ್ಟುವ ರೀತಿಯಾಗಿತ್ತು, ಅಷ್ಟೇ.

ಆ ಗೋಡೆಯ ಕಟ್ಟಾಣಿಕೆಯನ್ನು ಸ್ವಲ್ಪ ಗಮನಿಸಿ ನೋಡಬೇಕು. ಗುಡ್ಡದ ಬಂಡೆ ನಯವಾಗಿ ಕೆತ್ತಲು ಬಗ್ಗದ ಜಾತಿಯದು. ಆದ್ದರಿಂದ ಕಲ್ಲನ್ನು ಒಡೆದ ಹಾಗೆಯೇ, ಆಕಾರ ತಿದ್ದದೆ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಹೀಗೆ ಕಾಡುಗಲ್ಲಿನ ಒಂದು ಪಟ್ಟಿ ಏರಿದ ಮೇಲೆ ಅದರ ಮೇಲೆ ಚಪ್ಪಟೆ ಇಟ್ಟಿಗೆಯ ವರಸೆಗಳನ್ನು ಗೋಡೆಯುದ್ದಕ್ಕೂ ಹಾಸಿ, ಮತ್ತೆ ಕಲ್ಲು, ಮತ್ತೆ ಇಟ್ಟಿಗೆ ಎಂದು ಮೇಲೇರುತ್ತಿದ್ದರು. ಮೂಲೆಗಳಿಗೆ, ಬಾಗಿಲು ಕಿಟಕಿಗಳ ಅಂಚಿಗೆ ಪೂರ್ತಿ ಇಟ್ಟಿಗೆ. ಏರುಪೇರಾದ ಕಲ್ಲುಗಳ ಮೇಲೆ ಬಿದ್ದ ಭಾರವನ್ನು ಇಟ್ಟಿಗೆಯ ವರಸೆ ಮಟ್ಟಸವಾಗಿ ಹಂಚುತ್ತದೆ. ಒಂದೆಡೆ ಬಿರುಕು ಬಿಟ್ಟರೆ ಅದು ಮೇಲಕ್ಕೆ ಹಬ್ಬದಂತೆ ತಡೆಯುತ್ತದೆ. ಖರ್ಚು ಕಡಿಮೆ, ಸಾಮಗ್ರಿ ಹತ್ತಿರದ್ದು, ರಿಪೇರಿ ಸುಲಭ. ಸಾಂತಿಯಾಗೊ ದೆಲ್ ಅರ್ರಬಾಲ್ ಚರ್ಚು, ಸಾಂತೊ ತೊಮೆಯ ಗಂಟೆಗೋಪುರ, ಊರಿನ ಅಸಂಖ್ಯ ಮನೆಗಳು, ಎಲ್ಲವೂ ಈ ವಿಧಾನದ ಕೂಸುಗಳು. ಆ ಗಂಟೆಗೋಪುರಗಳ ಮೇಲ್ತುದಿಯ ಜೋಡಿ ಕಿಟಕಿಗಳೂ ಎಸಳು ಕಮಾನುಗಳೂ ಮಸೀದಿಯ ಮಿನಾರುಗಳನ್ನು ನೆನಪಿಸುವುದು ಆಕಸ್ಮಿಕವಲ್ಲ. 1221ರಲ್ಲಿ ಆರ್ಚ್‌ಬಿಷಪ್ ರೊಡ್ರಿಗೊ ಹಿಮೆನೆಸ್ ದೆ ರಾದಾ ಪ್ರತಿಷ್ಠಾಪಿಸಿದ ಸಾನ್ ರೊಮಾನ್ ಚರ್ಚಿನ ಒಳಗೋಡೆಗಳಲ್ಲಂತೂ ಬೈಬಲ್‌ನ ಚಿತ್ರಗಳು, ಲ್ಯಾಟಿನ್ ವಾಕ್ಯಗಳು ಮತ್ತು ಅರಬ್ಬಿ ಅಕ್ಷರಗಳು ಒಟ್ಟಿಗೇ ಇವೆ.

ಕಟ್ಟಡಗಳಲ್ಲಿ ಕಾಣುವ ಈ ಬೆರಕೆ ಅದೇ ಕಾಲದ ವಿದ್ವತ್ತಿನಲ್ಲೂ ಇತ್ತು. 12ನೇ ಶತಮಾನದಲ್ಲಿ ಟೊಲೆಡೊ ಯೂರೋಪಿನ ದೊಡ್ಡ ಅನುವಾದ ಕೇಂದ್ರವಾಯಿತು. ಇಟಲಿಯಿಂದ ಬಂದ ಕ್ರೆಮೊನಾದ ಜೆರಾರ್ಡ್ ಇಲ್ಲಿಯೇ ನೆಲೆಸಿ, ಟಾಲೆಮಿಯ ಖಗೋಳ ಗ್ರಂಥವೂ ಸೇರಿದಂತೆ 70ಕ್ಕೂ ಹೆಚ್ಚು ಕೃತಿಗಳನ್ನು ಅರಬ್ಬಿಯಿಂದ ಲ್ಯಾಟಿನ್‌ಗೆ ತಂದ. ಕೆಲವು ಅನುವಾದಗಳು ಎರಡು ಹಂತದಲ್ಲಿ ನಡೆಯುತ್ತಿದ್ದವು: ಅರಬ್ಬಿ ಬಲ್ಲ ಯಹೂದಿ ವಿದ್ವಾಂಸ ಮೂಲವನ್ನು ಊರಿನ ಆಡುಮಾತಿನಲ್ಲಿ ಹೇಳುತ್ತಿದ್ದ, ಅದನ್ನು ಕೇಳಿ ಪಾದ್ರಿ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ. ಭಾರತದ ಗಣಿತಜ್ಞರ ‘ಜ್ಯಾ’ ಎಂಬ ಪದ ಅರಬ್ಬಿಯಲ್ಲಿ ‘ಜೀಬ’ ಆಗಿ, ಸ್ವರಚಿಹ್ನೆಯಿಲ್ಲದ ಬರವಣಿಗೆಯಿಂದಾಗಿ ‘ಜೈಬ್’, ಅಂದರೆ ಬಟ್ಟೆಯ ಮಡಿಕೆ ಎಂದು ಓದಿಸಿಕೊಂಡು, ಆ ಶತಮಾನದ ಅನುವಾದಕರ ಕೈಯಲ್ಲಿ ಲ್ಯಾಟಿನ್‌ನ ‘ಸೈನಸ್’ ಆಯಿತು. ನಮ್ಮ ಶಾಲೆಗಳಿಗೆ ‘ಸೈನ್’ ಆಗಿ ಮರಳಿತು. 1251ರಲ್ಲಿ, ಟೊಲೆಡೊದಲ್ಲೇ ಹುಟ್ಟಿದ ರಾಜಕುಮಾರ, ಮುಂದೆ ಹತ್ತನೆಯ ಆಲ್ಫೊನ್ಸೊ ಎಂದು ದೊರೆಯಾದವನು, ಅರಬ್ಬಿಯ ಕಲೀಲ ಮತ್ತು ದಿಮ್ನ ಕಥೆಗಳನ್ನು ಕ್ಯಾಸ್ಟೀಲಿಯನ್ ಭಾಷೆಗೆ ಮಾಡಿಸಿದ. ಅವು ಪಂಚತಂತ್ರದ ಕರಟಕ ದಮನಕರೇ. ಅದಕ್ಕೆ ಎರಡು ಶತಮಾನ ಮೊದಲೇ ದುರ್ಗಸಿಂಹ ಆ ಕಥೆಗಳ ಇನ್ನೊಂದು ಕವಲನ್ನು ಕನ್ನಡಕ್ಕೆ ತಂದಿದ್ದ.

ಮಸೀದಿಯ ಕಟ್ಟಡವೇ ಸುಮಾರು 140 ವರ್ಷ ಕಥೀಡ್ರಲ್ ಆಗಿ ನಡೆದ ಮೇಲೆ, 1226ರಲ್ಲಿ ಅದೇ ಜಾಗದಲ್ಲಿ ಹೊಸ ಕಥೀಡ್ರಲ್‌ಗೆ ಅಡಿಗಲ್ಲು ಬಿತ್ತು. ಇದು ಊರಿನ ಇಟ್ಟಿಗೆ ಕೆಲಸವಲ್ಲ. ಫ್ರಾನ್ಸಿನ ಗಾಥಿಕ್ ಮಾದರಿಯಲ್ಲಿ ಕೆತ್ತಿದ ಕಲ್ಲಿನಿಂದ ಎಬ್ಬಿಸಿದ್ದು. ಐದು ಸಾಲಂಕಣಗಳ, ಸುಮಾರು 120 ಮೀಟರ್ ಉದ್ದದ ಈ ಕಟ್ಟಡದ ಚಾವಣಿ ಮುಗಿಯಲು 1493ರವರೆಗೆ ಕಾಲ ಹಿಡಿಯಿತು. ಆದರೂ ಪೂಜಾಪೀಠವನ್ನು ಸುತ್ತುವ ಪ್ರದಕ್ಷಿಣಾ ಪಥದಲ್ಲಿ ತಲೆಯೆತ್ತಿ ನೋಡಿದರೆ, ಮೇಲಿನ ಗೋಡೆಯಲ್ಲಿ ಎಸಳು ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಫ್ರಾನ್ಸಿನಲ್ಲಿ ಇಂತಹುದಿಲ್ಲ. ಹೊರಗಿನಿಂದ ತಂದ ವಿನ್ಯಾಸವೂ ಊರಿನ ಕಣ್ಣಿಗೆ ರೂಢಿಯಾದದ್ದನ್ನು ಬಿಟ್ಟುಕೊಡಲಿಲ್ಲ.

ಇಡೀ ಊರಿನಲ್ಲಿ ಒಂದೇ ಕೋಣೆಯನ್ನು ನೋಡಲು ಅವಕಾಶವೆಂದರೆ ನಾನು ಸೂಚಿಸುವುದು ಎಲ್ ಟ್ರಾನ್ಸಿಟೊ ಸಿನಗಾಗ್. ದೊರೆ ಪೆದ್ರೊನ ಖಜಾಂಚಿಯಾಗಿದ್ದ ಯಹೂದಿ ಶ್ರೀಮಂತ ಸಾಮ್ಯುಯೆಲ್ ಹ-ಲೇವಿ 1350ರ ದಶಕದಲ್ಲಿ ಇದನ್ನು ಕಟ್ಟಿಸಿದ. ಉದ್ದನೆಯ ಒಂದೇ ಸಭಾಂಗಣ. ಮೇಲೆ ಮರದ ಪಟ್ಟಿಗಳನ್ನು ನಕ್ಷತ್ರಗಳಾಗಿ ಹೆಣೆದ ಚಾವಣಿ. ಗೋಡೆಯ ಮೇಲ್ಭಾಗದ ಗಾರೆಯಲ್ಲಿ ಬಳ್ಳಿ, ಹೂ, ಎಲೆಗಳ ದಟ್ಟ ಕೆತ್ತನೆ. ಆಗಿನ್ನೂ ಮುಸ್ಲಿಂ ರಾಜ್ಯವಾಗಿದ್ದ ಗ್ರಾನಡಾದ ಅರಮನೆಗಳ ಗಾರೆ ಕೆಲಸಕ್ಕೆ ಇದು ಸೋದರ ಸಂಬಂಧಿ. ಗೋಡೆಯುದ್ದಕ್ಕೂ ಹೀಬ್ರೂ ಅಕ್ಷರಗಳಲ್ಲಿ ಕೀರ್ತನೆಯ ಸಾಲುಗಳಿವೆ, ಅವುಗಳ ನಡುವೆ ಶುಭ ಕೋರುವ ಅರಬ್ಬಿ ಪದಗಳಿವೆ, ಮತ್ತು ಕ್ಯಾಸ್ಟೀಲ್ ಹಾಗೂ ಲಿಯೊನ್ ರಾಜ್ಯಗಳ ಕೋಟೆ ಮತ್ತು ಸಿಂಹದ ಲಾಂಛನಗಳಿವೆ.

ಇದನ್ನು ಮೂರು ಧರ್ಮಗಳ ಸಾಮರಸ್ಯದ ಸಂಕೇತವೆಂದು ಪ್ರವಾಸಿ ಕೈಪಿಡಿಗಳು ಕೊಂಡಾಡುತ್ತವೆ. ನನಗೆ ಅದನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಕಟ್ಟಿಸಿದ ಕೆಲವೇ ವರ್ಷಗಳಲ್ಲಿ ಸಾಮ್ಯುಯೆಲ್ ದೊರೆಯ ಅವಕೃಪೆಗೆ ಗುರಿಯಾಗಿ, ಸೆರೆಯಲ್ಲಿ ಚಿತ್ರಹಿಂಸೆಯಿಂದ ಸತ್ತ. 1391ರಲ್ಲಿ ಸ್ಪೇನಿನ ಹಲವು ಊರುಗಳಲ್ಲಿ ಯಹೂದಿ ಕೇರಿಗಳ ಮೇಲೆ ನಡೆದ ದಾಳಿ ಟೊಲೆಡೊವನ್ನೂ ಬಿಡಲಿಲ್ಲ. 1449ರಲ್ಲಿ, ಯಹೂದಿ ಮೂಲದಿಂದ ಮತಾಂತರಗೊಂಡ ಕ್ರೈಸ್ತರು ಊರಿನಲ್ಲಿ ಅಧಿಕಾರ ಹಿಡಿಯಬಾರದೆಂಬ ‘ರಕ್ತಶುದ್ಧಿ’ಯ ಕಟ್ಟಳೆ ಹೊರಟಿದ್ದು ಈ ಊರಿನಿಂದಲೇ. 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದರು; 1502ರಲ್ಲಿ ಕ್ಯಾಸ್ಟೀಲ್‌ನ ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಆಜ್ಞೆಯಾಯಿತು. ನೆರೆಯವನ ಕೈಕೆಲಸವನ್ನು ಮೆಚ್ಚಿ ತನ್ನ ಗೋಡೆಗೆ ತಂದುಕೊಂಡ ಸಮಾಜವೇ ಆ ನೆರೆಯವನನ್ನು ಊರು ಬಿಡಿಸಿತು. ಈ ಎರಡೂ ಮಾತುಗಳನ್ನು ಒಟ್ಟಿಗೆ ಹೇಳದಿದ್ದರೆ ಟೊಲೆಡೊದ ಕಥೆ ಅರ್ಧವಾಗುತ್ತದೆ. ಇಂದು ಎಲ್ ಟ್ರಾನ್ಸಿಟೊದಲ್ಲಿ ಸ್ಪೇನಿನ ಯಹೂದಿಗಳ ಚರಿತ್ರೆಯ ವಸ್ತುಸಂಗ್ರಹಾಲಯವಿದೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾನ್ ಹುವಾನ್ ದೆ ಲೊಸ್ ರೆಯೆಸ್ ಎಂಬ ಮಠ ಸಿಗುತ್ತದೆ. ಯಹೂದಿಗಳನ್ನು ಹೊರಹಾಕಿದ ಇಸಾಬೆಲ್ಲಾ ಮತ್ತು ಫರ್ಡಿನಾಂಡ್ ರಾಜದಂಪತಿ 1476ರ ತೋರೊ ಯುದ್ಧದ ನೆನಪಿಗೆ, ತಮ್ಮ ಸಮಾಧಿಗೆಂದು ಹುವಾನ್ ಗ್ವಾಸ್ ಎಂಬ ಶಿಲ್ಪಿಯಿಂದ ಕಟ್ಟಿಸಿದ್ದು ಇದು. ಗ್ರಾನಡಾ ಗೆದ್ದ ಮೇಲೆ ಸಮಾಧಿಗೆ ಆ ಊರನ್ನೇ ಆರಿಸಿಕೊಂಡರು. ಮಠದ ಹೊರಗೋಡೆಯ ಮೇಲೆ ಕಬ್ಬಿಣದ ಸಂಕೋಲೆಗಳು ನೇತಾಡುತ್ತಿವೆ. ಗ್ರಾನಡಾ ರಾಜ್ಯದಲ್ಲಿ ಸೆರೆಯಾಗಿದ್ದು ಬಿಡುಗಡೆಗೊಂಡ ಕ್ರೈಸ್ತರ ಕಾಲಿನವು ಅವು. ಮುಸ್ಲಿಮರ ಮೇಲಿನ ವಿಜಯವನ್ನು ಗೋಡೆಯ ಮೇಲೆ ಸಾರುವ ಈ ಕಟ್ಟಡದ ಒಳ ಪ್ರಾಂಗಣದ ಮಾಳಿಗೆಗೆ ಹೊದಿಸಿರುವುದು ಮುದೇಹಾರ್ ಮಾದರಿಯ ಮರದ ಚಾವಣಿ.

16ನೇ ಶತಮಾನದ ಟೊಲೆಡೊಗೆ ಹೊಸ ಮುಖ ಬಂತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಕಾಲದಲ್ಲಿ ಅಲೊನ್ಸೊ ದೆ ಕೊವರ್‍ರೂಬಿಯಾಸ್ ಊರಿನ ಬಿಸಾಗ್ರಾ ಹೆಬ್ಬಾಗಿಲಿನ ಮೇಲೆ ಎರಡು ತಲೆಯ ಹದ್ದಿನ ಬೃಹತ್ ಲಾಂಛನ ನಿಲ್ಲಿಸಿದ, ಗುಡ್ಡದ ತುದಿಯ ಅಲ್ಕಾಸರ್ ಕೋಟೆಯನ್ನು ಅರಮನೆಯಾಗಿ ಮಾರ್ಪಡಿಸುವ ಕೆಲಸಕ್ಕೂ ಕೈಹಾಕಿದ. ಆ ಅರಮನೆಗೆ ನೀರಿನದೇ ಕೊರತೆ. ಬಂಡೆಯ ಊರಿನಲ್ಲಿ ಜನ ಮಳೆನೀರನ್ನು ನೆಲಮಾಳಿಗೆಯ ತೊಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಉಳಿದದ್ದನ್ನು ನದಿಯಿಂದ ಕತ್ತೆಗಳ ಮೇಲೆ ಹೊರಿಸಿ ತರುತ್ತಿದ್ದರು. 1560ರ ದಶಕದಲ್ಲಿ ಇಟಲಿ ಮೂಲದ ಗಡಿಯಾರ ತಜ್ಞ ಹುವಾನೆಲೊ ತುರ್ರಿಯಾನೊ, ನದಿಯ ಹರಿವಿನಿಂದಲೇ ತಿರುಗುವ ಚಕ್ರಗಳಿಗೆ ತೂಗಾಡುವ ಸೌಟುಗಳ ಸರಣಿಯನ್ನು ಜೋಡಿಸಿ, ಒಂದು ಸೌಟು ಮೇಲಿನದಕ್ಕೆ ಸುರಿಯುತ್ತ ಹೋಗುವಂತೆ ಮಾಡಿ, ಸುಮಾರು 90 ಮೀಟರ್ ಮೇಲಕ್ಕೆ ನೀರೇರಿಸಿದ. ಯಂತ್ರ ಕರಾರಿಗಿಂತ ಹೆಚ್ಚೇ ನೀರು ಕೊಟ್ಟಿತು. ಆದರೆ ನೀರೆಲ್ಲ ಅರಮನೆಗೆ ಹೋಗುತ್ತಿದೆ, ತಮಗೆ ಬರುತ್ತಿಲ್ಲವೆಂದು ಊರಿನ ಆಡಳಿತ ಹಣ ಕೊಡಲೊಪ್ಪಲಿಲ್ಲ. 1585ರಲ್ಲಿ ತುರ್ರಿಯಾನೊ ಬಡತನದಲ್ಲಿ ತೀರಿಕೊಂಡ.

ಅಷ್ಟರಲ್ಲಿ ಊರಿನ ದೆಸೆಯೂ ತಿರುಗಿತ್ತು. 1561ರಲ್ಲಿ ಎರಡನೆಯ ಫಿಲಿಪ್ ತನ್ನ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಒಯ್ದ. 1577ರ ಹೊತ್ತಿಗೆ ಬಂದು, 1614ರಲ್ಲಿ ಇಲ್ಲಿಯೇ ಸತ್ತ ಚಿತ್ರಕಾರ ಎಲ್ ಗ್ರೆಕೊ ಬಿಡಿಸಿದ ಟೊಲೆಡೊ, ಆಸ್ಥಾನ ಕಳೆದುಕೊಂಡು ಚರ್ಚುಗಳ ಆಸರೆಯಲ್ಲಿ ನಿಂತಿದ್ದ ಊರು. ಹಣ, ಅಧಿಕಾರ, ಜನ ಮೆಲ್ಲಮೆಲ್ಲನೆ ರಾಜಧಾನಿಯತ್ತ ಸರಿದರು. ಹಳೆಯದನ್ನು ಕೆಡವಿ ಅಗಲ ಬೀದಿಗಳನ್ನೂ ಹೊಸ ಅರಮನೆಗಳನ್ನೂ ಎಬ್ಬಿಸುವ ಶಕ್ತಿ ಊರಿಗೆ ಉಳಿಯದಿದ್ದುದೇ ಇಂದಿನ ಟೊಲೆಡೊ ಇಷ್ಟು ಹಳೆಯದಾಗಿ ಉಳಿಯಲು ಮುಖ್ಯ ಕಾರಣ. ಅಲ್ಕಾಸರ್ ಮಾತ್ರ ಪದೇ ಪದೇ ಸುಟ್ಟುಹೋಯಿತು. 1936ರ ಅಂತರ್ಯುದ್ಧದ ಮುತ್ತಿಗೆಯಲ್ಲಿ ಬಹುತೇಕ ನೆಲಸಮವಾಯಿತು. ಈಗ ನಿಂತಿರುವುದು ಬಹುಪಾಲು ಆಮೇಲೆ ಮರಳಿ ಕಟ್ಟಿದ ಭಾಗ.

1986ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮೇಲಿನ ಕಟ್ಟಡಗಳಿಗೆ ಅದರಿಂದ ಕಾವಲು ದೊರೆಯಿತು, ಕೆಳಗಿನ ನದಿಗೆ ಅಷ್ಟಾಗಿ ದೊರೆಯಲಿಲ್ಲ. ಮಾಲಿನ್ಯದಿಂದಾಗಿ 1972ರಲ್ಲಿ ತಾಹೊದಲ್ಲಿ ಈಜುವುದನ್ನು ನಿಷೇಧಿಸಲಾಗಿತ್ತು. 1979ರಿಂದ ಮೇಲ್ಭಾಗದ ನೀರಿನ ಒಂದು ಪಾಲು ಕಾಲುವೆಯ ಮೂಲಕ ಆಗ್ನೇಯ ಸ್ಪೇನಿಗೆ ಹೋಗುತ್ತಿದೆ. ಗೋಡೆಯ ಹೊರಗಿನ ವೇಗಾ ಬಾಹಾ ಬಯಲಿನಲ್ಲಿ ದೊಡ್ಡ ವಸತಿ ಬಡಾವಣೆ ಕಟ್ಟಲು ಹೊರಟಾಗ ನೆಲದಡಿಯಲ್ಲಿ ವಿಸಿಗೋಥರ ಕಾಲದ ಬೀದಿ, ಮನೆಗಳ ಬುನಾದಿಗಳು ಕಾಣಿಸಿಕೊಂಡವು. ವಿದ್ವಾಂಸರೂ ನಾಗರಿಕರೂ ಪ್ರತಿಭಟಿಸಿದ ಮೇಲೆ 2006ರಲ್ಲಿ ಆ ಯೋಜನೆಯನ್ನು ನಿಲ್ಲಿಸಲಾಯಿತು. ಬಾಬ್ ಅಲ್-ಮರ್ದೂಮ್‌ನ ನಾಲ್ಕು ಕಂಬಗಳಿಗೆ ಬೋದಿಗೆ ಒದಗಿಸಿದ ಕಾಲದ ಆ ಪಟ್ಟಣದ ಬಹುಭಾಗವನ್ನು ಇನ್ನೂ ಅಗೆದು ನೋಡಬೇಕಾಗಿದೆ.